ಮೂರೂವರೆ ಮಿಲಿಮೀಟರ್ ವಾರ್ಡ್: ಮೊಬೈಲ್‌ನಲ್ಲಿ ನಕ್ಷೆ ಏಕೆ ದಾರಿ ತಪ್ಪಿಸುತ್ತದೆ?

ಬೆಂಗಳೂರಿನ ವಾರ್ಡ್‌ಗಳ ಸಂಖ್ಯೆ ಎಷ್ಟು ಸಲ ಬದಲಾಗಿದೆ ಎಂಬುದನ್ನು ನೆನಪಿಟ್ಟುಕೊಳ್ಳುವುದೇ ಕಷ್ಟ. 2010ರ ಬಿಬಿಎಂಪಿ ಚುನಾವಣೆಯ ಹೊತ್ತಿಗೆ 198 ಇದ್ದವು. 2022ರಲ್ಲಿ 243 ಆದವು, ಮರುವರ್ಷ 225ಕ್ಕೆ ಇಳಿದವು. 2025ರಲ್ಲಿ ಬಿಬಿಎಂಪಿಯೇ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಕರಡಿನಲ್ಲಿ 368 ಇದ್ದ ವಾರ್ಡ್‌ಗಳು ಅಂತಿಮ ಅಧಿಸೂಚನೆಯಲ್ಲಿ 369 ಆದವು.

ಇಂಥ ಸುದ್ದಿ ಬಂದಾಗಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ: ನಮ್ಮ ಮನೆ ಈಗ ಯಾವ ವಾರ್ಡಿಗೆ ಸೇರಿತು? ಉತ್ತರ ನಕ್ಷೆಯಲ್ಲಿದೆ. ಆ ನಕ್ಷೆಯನ್ನು ಬಹುಪಾಲು ಜನ ನೋಡುವುದು ಅಂಗೈಯಗಲದ ಫೋನಿನಲ್ಲಿ. ಎರಡು ಬೆರಳಿಟ್ಟು ಹಿಗ್ಗಿಸಿದರೆ ಗೆರೆ ದಪ್ಪಗಾಗುತ್ತದೆ, ಅಕ್ಷರ ಮಸುಕಾಗುತ್ತದೆ. ಆಚೀಚೆ ಸರಿಸಿದರೆ ಎಲ್ಲಿದ್ದೆವು ಎಂಬುದೇ ಮರೆತುಹೋಗುತ್ತದೆ. ಕೊನೆಗೆ ಗೆಳೆಯರ ಗುಂಪಿನಲ್ಲಿ ಯಾರನ್ನಾದರೂ ಕೇಳಿ ಸುಮ್ಮನಾಗುತ್ತೇವೆ.

ಇದಕ್ಕೆ ನೋಡುವವರ ಅವಸರವೋ ಕಣ್ಣಿನ ದೋಷವೋ ಕಾರಣವಲ್ಲ. ಗೋಡೆಗೆ ತೂಗುಹಾಕಲು ಬರೆದ ನಕ್ಷೆಯನ್ನು ಹಾಗೆಯೇ ಅಂಗೈಗೆ ಇಳಿಸಿ, ಉಳಿದದ್ದನ್ನು ಜೂಮ್ ನೋಡಿಕೊಳ್ಳುತ್ತದೆ ಎಂದು ಬಿಟ್ಟಿರುವುದೇ ಕಾರಣ. ಸಣ್ಣ ಪರದೆಯ ಮೇಲೆ ದೊಡ್ಡ ಮಾಹಿತಿಯನ್ನು ತೋರಿಸುವುದು ಹೇಗೆ ಎಂಬ ಬಗ್ಗೆ ಕಂಪ್ಯೂಟರ್ ವಿಜ್ಞಾನಿಗಳು ನಲವತ್ತು ವರ್ಷಗಳಿಂದ ಕೆಲಸ ಮಾಡಿದ್ದಾರೆ. ಅವರಲ್ಲಿ ಒಮ್ಮತವಿಲ್ಲ. ಆದರೆ ನಮ್ಮ ಪ್ರಶ್ನೆಗೆ ಬೇಕಾದಷ್ಟು ಉತ್ತರ ಅಲ್ಲಿದೆ.

ಮೊದಲು ಅಳತೆ

ಸಾಮಾನ್ಯ ಫೋನಿನ ಪರದೆಯ ಅಗಲ ಸುಮಾರು 65 ಮಿಲಿಮೀಟರ್. 369 ವಾರ್ಡ್‌ಗಳೂ ಒಂದೇ ಅಳತೆಯ ಚೌಕಗಳು ಎಂದುಕೊಂಡು ಜೋಡಿಸಿದರೆ ಸಾಲಿಗೆ 19ರಂತೆ ಸುಮಾರು 19 ಸಾಲು ಬರುತ್ತವೆ. 65 ಮಿ.ಮೀ. ಅನ್ನು 19 ಜನಕ್ಕೆ ಹಂಚಿದರೆ ಒಂದೊಂದು ವಾರ್ಡಿಗೆ ಸಿಗುವುದು ಮೂರೂವರೆ ಮಿ.ಮೀ.ಗಿಂತ ಒಂಚೂರು ಕಡಿಮೆ. 198 ವಾರ್ಡ್ ಇದ್ದಾಗ ಇದೇ ಲೆಕ್ಕದಲ್ಲಿ ನಾಲ್ಕೂವರೆ ಮಿ.ಮೀ. ಸಿಗುತ್ತಿತ್ತು.

ಇನ್ನು ಹೆಸರು ಬರೆಯಬೇಕು. ಹಳೆಯ ಪಟ್ಟಿಯಲ್ಲಿದ್ದ ‘ಸುಬ್ರಹ್ಮಣ್ಯನಗರ’ ಎಂಬ ಹೆಸರನ್ನು ಕನ್ನಡದಲ್ಲಿ ಓದಲು ಬರುವಷ್ಟು ದೊಡ್ಡದಾಗಿ ಬರೆದರೆ ಹದಿನೈದು ಮಿ.ಮೀ. ಅಗಲವಾದರೂ ಬೇಕು. ಅಂದರೆ ಒಂದು ವಾರ್ಡಿನ ಹೆಸರು ನಾಲ್ಕು ವಾರ್ಡಿನ ಮೇಲೆ ಹರಡಿಕೊಳ್ಳುತ್ತದೆ. ಹೆಸರು ವಾರ್ಡಿನೊಳಗೆ ಹಿಡಿಸುವ ತನಕ ಹಿಗ್ಗಿಸಿದರೆ ಪರದೆಯ ಮೇಲೆ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಎಂಟು ವಾರ್ಡ್ ಉಳಿಯುತ್ತವೆ. ಇಡೀ ಊರಿನ ಹತ್ತರಲ್ಲಿ ಒಂದು ಪಾಲೂ ಇಲ್ಲ.

ಗೊಂದಲದ ಮೂಲ ಇಲ್ಲಿದೆ. ಊರು ಕಂಡರೆ ಹೆಸರು ಕಾಣುವುದಿಲ್ಲ, ಹೆಸರು ಕಂಡರೆ ಊರು ಕಾಣುವುದಿಲ್ಲ. ಎರಡನ್ನೂ ಜೋಡಿಸುವ ಕೆಲಸ ನೋಡುವವರ ನೆನಪಿನ ಮೇಲೆ ಬೀಳುತ್ತದೆ. ಆಗ ನೋಡಿದ ಊರಿನ ಆಕಾರವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಈಗ ಕಾಣುತ್ತಿರುವ ಬೀದಿಯನ್ನು ಅದರೊಳಗೆ ಕೂರಿಸಬೇಕು. ಮೇಜಿನ ಮೇಲಿನ ದೊಡ್ಡ ಪರದೆಯಲ್ಲಿ ಕಣ್ಣು ಮಾಡುವ ಕೆಲಸವನ್ನು ಫೋನಿನಲ್ಲಿ ನೆನಪು ಮಾಡಬೇಕಾಗುತ್ತದೆ.

ಎಲ್ಲ ಜೂಮ್ ಒಂದೇ ಅಲ್ಲ

ಹಿಗ್ಗಿಸುವುದು ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಬೇರೆ ಬೇರೆ ಕೆಲಸಗಳಿವೆ. ಯಾವುದು ಯಾವಾಗ ಕೈಕೊಡುತ್ತದೆ ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲನೆಯದು ಬರಿಯ ಚಿತ್ರವನ್ನು ದೊಡ್ಡದು ಮಾಡುವುದು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ನಕ್ಷೆಗಳೆಲ್ಲ ಈ ಜಾತಿಯವು. ಚಿತ್ರದಲ್ಲಿ ಮೊದಲೇ ಎಷ್ಟು ಚುಕ್ಕೆಗಳಿವೆಯೋ ಅಷ್ಟೇ. ಹಿಗ್ಗಿಸಿದರೆ ಚುಕ್ಕೆ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರ ಬರುವುದಿಲ್ಲ. ಕಳಿಸುವಾಗ ಆ್ಯಪ್ ಚಿತ್ರವನ್ನು ಕುಗ್ಗಿಸುವುದರಿಂದ ಇದ್ದ ಚುಕ್ಕೆಗಳೂ ಕಡಿಮೆಯಾಗುತ್ತವೆ. 1,600 ಪಿಕ್ಸೆಲ್ ಅಗಲದ ಚಿತ್ರವೊಂದರಲ್ಲಿ ಸುಮಾರು 27 ಕಿಲೋಮೀಟರ್ ಅಗಲದ ಊರನ್ನು ತುಂಬಿದರೆ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಸುಮಾರು 17 ಮೀಟರ್. ಮೂವತ್ತು-ನಲವತ್ತರ ಸೈಟು 9 ಮೀಟರ್‌ಗೆ 12 ಮೀಟರ್. ಅಂದರೆ ಇಡೀ ಮನೆ ಒಂದು ಪಿಕ್ಸೆಲ್ಲಿಗಿಂತ ಚಿಕ್ಕದು. ವಾರ್ಡಿನ ಗಡಿ ನಿಮ್ಮ ಮನೆಯ ಮುಂದಿನ ರಸ್ತೆಯೋ ಹಿಂದಿನ ರಸ್ತೆಯೋ ಎಂಬ ಪ್ರಶ್ನೆಗೆ ಆ ಚಿತ್ರದಲ್ಲಿ ಉತ್ತರ ಇಲ್ಲವೇ ಇಲ್ಲ. ಎಷ್ಟೇ ಹಿಗ್ಗಿಸಿದರೂ ಬರುವುದಿಲ್ಲ.

ಎರಡನೆಯದು ಹೆಂಚು ಜೋಡಿಸುವ ಕ್ರಮ. 2005ರ ಫೆಬ್ರುವರಿಯಲ್ಲಿ ಬಂದ ಗೂಗಲ್ ಮ್ಯಾಪ್ಸ್ ಇದನ್ನು ಮನೆಮಾತು ಮಾಡಿತು. ಇಡೀ ಭೂಮಿ 256 ಪಿಕ್ಸೆಲ್‌ನ ಒಂದು ಚೌಕದಲ್ಲಿ ಶುರುವಾಗುತ್ತದೆ. ಒಂದು ಮೆಟ್ಟಿಲು ಇಳಿದರೆ ನಾಲ್ಕು ಚೌಕ, ಇನ್ನೊಂದು ಇಳಿದರೆ ಹದಿನಾರು. ಹತ್ತನೇ ಮೆಟ್ಟಿಲಿಗೆ ಹತ್ತು ಲಕ್ಷ ದಾಟುತ್ತದೆ, ಹದಿನೈದನೆಯದಕ್ಕೆ 107 ಕೋಟಿ. ಅಷ್ಟನ್ನೂ ಫೋನಿಗೆ ಇಳಿಸಬೇಕಿಲ್ಲ. ಪರದೆಗೆ ಬೇಕಾದ ಹತ್ತಿಪ್ಪತ್ತು ಚೌಕ ತರಿಸಿಕೊಂಡರೆ ಸಾಕು. ಕಡಿಮೆ ಬೆಲೆಯ ಫೋನಿನಲ್ಲೂ ಇಡೀ ಜಗತ್ತಿನ ನಕ್ಷೆ ಓಡುವುದು ಈ ಉಪಾಯದಿಂದ. ನೆಟ್‌ವರ್ಕ್ ಮಂದವಾದಾಗ ಬೂದು ಚೌಕಗಳು ಒಂದೊಂದಾಗಿ ತುಂಬಿಕೊಳ್ಳುವುದನ್ನು ಕಂಡಿದ್ದರೆ, ಈ ಹೆಂಚುಗಳನ್ನೇ ಕಂಡಿದ್ದೀರಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇಲ್ಲಿ ಹತ್ತಿರ ಹೋದಂತೆ ವಸ್ತುವಿನ ಅಳತೆಯ ಜೊತೆಗೆ ಕಾಣುವ ವಸ್ತುವೂ ಬದಲಾಗುತ್ತದೆ. ದೂರದಿಂದ ಜಿಲ್ಲೆಯ ಹೆಸರು, ಸ್ವಲ್ಪ ಹತ್ತಿರ ಬಂದರೆ ಊರು, ಇನ್ನೂ ಹತ್ತಿರ ಬಂದರೆ ಬೀದಿ, ಮನೆ, ಅಂಗಡಿ. ಆಯಾ ಎತ್ತರದಲ್ಲಿ ಯಾವುದಕ್ಕೆ ಅರ್ಥ ಇದೆಯೋ ಅದನ್ನು ಮಾತ್ರ ತೋರಿಸುವುದರಿಂದ ಇದನ್ನು ಅರ್ಥಾನುಸಾರಿ ಜೂಮ್ ಎನ್ನಬಹುದು. ಮೇಲಿನ ಎರಡನ್ನು ಯಂತ್ರ ತಾನಾಗಿ ಮಾಡುತ್ತದೆ. ಇದಕ್ಕೆ ಮಾತ್ರ ಮನುಷ್ಯರು ಕೂತು ಯೋಚಿಸಬೇಕು: ಯಾವ ಎತ್ತರದಲ್ಲಿ ಯಾವುದು ಉಳಿಯಬೇಕು, ಯಾವುದು ಮರೆಯಾಗಬೇಕು? ನಮ್ಮ ಸಾರ್ವಜನಿಕ ನಕ್ಷೆಗಳಲ್ಲಿ ಹೆಚ್ಚಿನವು ಸೋಲುವುದು ಈ ಹಂತದಲ್ಲೇ.

ಈ ಯೋಚನೆ ಬಂದದ್ದು ಫೋನಿಗಿಂತ ಮೊದಲೇ

1993ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೆನ್ ಪರ್ಲಿನ್ ಮತ್ತು ಡೇವಿಡ್ ಫಾಕ್ಸ್ ‘ಪ್ಯಾಡ್’ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. ಕಿಟಕಿ, ಫೋಲ್ಡರ್ ಯಾವುದೂ ಬೇಡ. ಕೊನೆಯಿಲ್ಲದ ಒಂದೇ ಹಾಸಿನ ಮೇಲೆ ಎಲ್ಲ ಕಾಗದಪತ್ರಗಳನ್ನೂ ಹರಡಿ, ಬೇಕಾದ ಕಡೆ ಹತ್ತಿರ ಹೋಗುವುದು, ದೂರ ಬರುವುದು. ಇದು ಅವರ ಕಲ್ಪನೆ. ಮರುವರ್ಷ ಬೆನ್ ಬೆಡರ್ಸನ್ ಮತ್ತು ಜೇಮ್ಸ್ ಹಾಲನ್ ‘ಪ್ಯಾಡ್ ಪ್ಲಸ್ ಪ್ಲಸ್’ ಎಂದು ಅದನ್ನು ಮುಂದುವರಿಸಿದರು. ಅರ್ಥಾನುಸಾರಿ ಜೂಮ್ ಬೆಳೆದದ್ದು ಇವರ ಕೈಯಲ್ಲಿ.

ಇದಕ್ಕೂ ಮೊದಲು, 1986ರಲ್ಲಿ, ಜಾರ್ಜ್ ಫರ್ನಸ್ ಬೇರೊಂದು ದಾರಿ ತೋರಿಸಿದ್ದರು. ಮನುಷ್ಯರು ಜಗತ್ತನ್ನು ನೆನಪಿಡುವುದು ಸಮನಾಗಿ ಅಲ್ಲ; ತಮ್ಮ ಬೀದಿಯ ಪ್ರತಿ ಮನೆಯೂ ಗೊತ್ತಿರುತ್ತದೆ, ಪಕ್ಕದ ಊರಿನ ಮುಖ್ಯ ವೃತ್ತ ಗೊತ್ತಿರುತ್ತದೆ, ದೂರದ ರಾಜ್ಯದ ರಾಜಧಾನಿ ಮಾತ್ರ ಗೊತ್ತಿರುತ್ತದೆ. ಪರದೆಯೂ ಹಾಗೆಯೇ ತೋರಿಸಬಾರದೇಕೆ? ನಡುವೆ ದೊಡ್ಡದಾಗಿ, ಅಂಚಿಗೆ ಹೋದಂತೆ ಚಿಕ್ಕದಾಗಿ, ಮೀನಿನ ಕಣ್ಣಿನ ಮಸೂರದ ಹಾಗೆ. ಬೆಡರ್ಸನ್ ಮತ್ತು ಸಂಗಡಿಗರು ಈ ಯೋಚನೆಯನ್ನೇ ಅಂಗೈ ಕಂಪ್ಯೂಟರಿನ ಕ್ಯಾಲೆಂಡರ್‌ಗೆ ತಂದರು. ‘ಡೇಟ್‌ಲೆನ್ಸ್’ ಎಂಬ ಆ ಆ್ಯಪ್‌ನಲ್ಲಿ ಒಂದು ದಿನವನ್ನು ಮುಟ್ಟಿದರೆ ಆ ದಿನದ ಚೌಕ ಉಬ್ಬುತ್ತಿತ್ತು, ಉಳಿದ ದಿನಗಳು ಕುಗ್ಗಿ ಅಲ್ಲಿಯೇ ಇರುತ್ತಿದ್ದವು. ಯಾವುದೂ ಪರದೆಯಿಂದ ಆಚೆ ಹೋಗುತ್ತಿರಲಿಲ್ಲ.

2007ರಲ್ಲಿ ಐಫೋನ್ ಬಂದು, ಎರಡು ಬೆರಳಲ್ಲಿ ಹಿಗ್ಗಿಸುವುದು ಮಕ್ಕಳಿಗೂ ಬರುವ ವಿದ್ಯೆಯಾಯಿತು. ಆ ಸಲೀಸಿನಿಂದ ಒಂದು ನಷ್ಟವೂ ಆಯಿತು. ಬೆರಳಿಗೆ ಇಷ್ಟು ಸುಲಭವಾಗಿರುವಾಗ ವಿನ್ಯಾಸದ ಕಷ್ಟವನ್ನು ಏಕೆ ಪಡಬೇಕು ಎಂಬ ಧೋರಣೆ ಹಬ್ಬಿತು. ನಕ್ಷೆಯನ್ನು ಹಾಕಿ, ‘ಹಿಗ್ಗಿಸಿ ನೋಡಿ’ ಎಂದರೆ ಸಾಕು ಎನ್ನುವಂತಾಯಿತು.

ಬಯಲಿನ ಮಂಜು

ಹಿಗ್ಗಿಸಿದಾಗ ದಾರಿ ತಪ್ಪುವುದಕ್ಕೆ ಸಂಶೋಧಕರು ಒಂದು ಹೆಸರಿಟ್ಟಿದ್ದಾರೆ: ಮರುಭೂಮಿಯ ಮಂಜು. 1998ರಲ್ಲಿ ಸುಸಾನ್ ಜುಲ್ ಮತ್ತು ಫರ್ನಸ್ ಹೀಗೆ ಕರೆದರು. ಹತ್ತಿರ ಹೋಗಿ ಹೋಗಿ ಕೊನೆಗೆ ಪರದೆಯ ಮೇಲೆ ಯಾವ ಗುರುತೂ ಇಲ್ಲದ ಜಾಗಕ್ಕೆ ಬಂದು ನಿಲ್ಲುತ್ತೀರಿ. ಎಡಕ್ಕೆ ಹೋಗಬೇಕೋ ಬಲಕ್ಕೋ ಎಂದು ಹೇಳಲು ಒಂದು ಮರವೂ ಇಲ್ಲ, ಕಲ್ಲೂ ಇಲ್ಲ. ಬಣ್ಣ ತುಂಬಿದ ವಾರ್ಡ್ ನಕ್ಷೆಯಲ್ಲಿ ಒಂದು ವಾರ್ಡಿನ ನಡುವಿಗೆ ಹಿಗ್ಗಿಸಿದರೆ ಆಗುವುದು ಇದೇ: ಇಡೀ ಪರದೆ ಒಂದೇ ತಿಳಿ ಹಸಿರು.

ಇದಕ್ಕೆ ಪರಿಹಾರವಾಗಿ ಬಂದ ಉಪಾಯಗಳಲ್ಲಿ ಮನಸ್ಸಿಗೆ ಹತ್ತುವಂಥದು 2003ರ ‘ಹೇಲೋ’. ಪ್ಯಾಟ್ರಿಕ್ ಬೌಡಿಶ್ ಮತ್ತು ರೂತ್ ರೋಸೆನ್‌ಹೋಲ್ಟ್ಸ್ ಅವರದು. ರಾತ್ರಿ ಬೀದಿ ದೀಪದ ಕೆಳಗೆ ಬೀಳುವ ಬೆಳಕಿನ ವೃತ್ತವನ್ನು ನೆನೆಸಿಕೊಳ್ಳಿ. ದೀಪದ ಕಂಬ ಗೋಡೆಯ ಆಚೆ ಮರೆಯಾಗಿದ್ದರೂ ಬೆಳಕಿನ ಅಂಚು ಈಚೆ ಬಿದ್ದಿದ್ದರೆ, ಆ ಅಂಚಿನ ಬಾಗನ್ನು ನೋಡಿಯೇ ಕಂಬ ಎಲ್ಲಿದೆ, ಎಷ್ಟು ದೂರ ಎಂದು ಅಂದಾಜಿಸಬಹುದು. ಹಾಗೆಯೇ ಪರದೆಯಿಂದ ಆಚೆ ಇರುವ ಜಾಗಗಳ ಸುತ್ತ ವೃತ್ತ ಬರೆದು, ಅದರ ಕಮಾನು ಮಾತ್ರ ಪರದೆಯ ಅಂಚಿನಲ್ಲಿ ಕಾಣುವಂತೆ ಮಾಡಿದರು. ಬಾಣದ ಗುರುತು ಹಾಕಿದ ನಕ್ಷೆಗಿಂತ ಇದರಲ್ಲಿ ಜನ 16ರಿಂದ 33 ಶೇಕಡಾ ಬೇಗ ಕೆಲಸ ಮುಗಿಸಿದರು. ಇಷ್ಟು ಸರಳವಾದ ಉಪಾಯ ನಮ್ಮ ನಿತ್ಯದ ನಕ್ಷೆಗಳಿಗೆ ಬಾರದೇ ಹೋದದ್ದು ಬೇಸರದ ಸಂಗತಿ.

ಚಲನೆಯೂ ನೆನಪಿಗೆ ನೆರವಾಗುತ್ತದೆ. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ನಕ್ಷೆ ಒಮ್ಮೆಲೇ ಜಿಗಿದರೆ ಎರಡಕ್ಕೂ ಸಂಬಂಧ ತಿಳಿಯುವುದಿಲ್ಲ. ಮೇಲಕ್ಕೆ ಏರಿ, ಊರನ್ನು ದಾಟಿ, ಮತ್ತೆ ಕೆಳಕ್ಕೆ ಇಳಿದರೆ ತಿಳಿಯುತ್ತದೆ. ಹೀಗೆ ಏರಿಳಿಯುವ ಹದವಾದ ದಾರಿಯ ಗಣಿತವನ್ನು 2003ರಲ್ಲಿ ನೆದರ್ಲೆಂಡ್ಸ್‌ನ ಯಾರ್ಕೆ ವಾನ್ ವೈಕ್ ಮತ್ತು ವಿಮ್ ನೌಯ್ ಕೊಟ್ಟರು.

ಮೂಲೆಯ ಪುಟ್ಟ ನಕ್ಷೆ ಬೇಕೇ?

ಬೆನ್ ಶ್ನೈಡರ್‌ಮನ್ 1996ರಲ್ಲಿ ಹೇಳಿದ ಸೂತ್ರ ಈ ವಿದ್ಯೆಯಲ್ಲಿ ಬಹುಕಾಲ ಮಂತ್ರವಾಗಿತ್ತು: ಮೊದಲು ಸಮಗ್ರ ನೋಟ, ಆಮೇಲೆ ಹಿಗ್ಗಿಸಿ ಸೋಸುವುದು, ಕೇಳಿದಾಗ ವಿವರ. ಇದನ್ನು ಪಾಲಿಸಿದವರು ದೊಡ್ಡ ನಕ್ಷೆಯ ಮೂಲೆಯಲ್ಲಿ ಇಡೀ ಊರಿನ ಪುಟ್ಟ ನಕ್ಷೆ ಇಟ್ಟು, ನೀವಿರುವ ಜಾಗಕ್ಕೆ ಒಂದು ಚೌಕ ಹಾಕುತ್ತಾರೆ. ಮೇಜಿನ ಕಂಪ್ಯೂಟರಿನಲ್ಲಿ ಸರಿ. ಫೋನಿನಲ್ಲಿ ಆ ಮೂಲೆಯೇ ಪರದೆಯ ಒಂದು ಭಾಗವನ್ನು ನುಂಗುತ್ತದೆ.

ಈ ಪುಟ್ಟ ನಕ್ಷೆ ನಿಜಕ್ಕೂ ಉಪಯೋಗವೇ ಎಂದು ಕ್ಯಾಸ್ಪರ್ ಹಾರ್ನ್‌ಬೆಕ್, ಬೆಡರ್ಸನ್ ಮತ್ತು ಕ್ಯಾಥರೀನ್ ಪ್ಲೇಸಾಂ 2002ರಲ್ಲಿ 32 ಜನರನ್ನು ಕೂರಿಸಿ ಪರೀಕ್ಷಿಸಿದರು. ಎರಡು ನಕ್ಷೆ ಕೊಟ್ಟರು. ನೂರಕ್ಕೆ ಎಂಬತ್ತು ಮಂದಿ ಪುಟ್ಟ ನಕ್ಷೆ ಇರುವುದೇ ಚೆನ್ನ ಎಂದರು. ಆದರೆ ಗಡಿಯಾರ ಬೇರೆ ಮಾತು ಹೇಳಿತು: ಎರಡರಲ್ಲಿ ಒಂದು ನಕ್ಷೆಯಲ್ಲಿ, ಪುಟ್ಟ ನಕ್ಷೆ ಇಲ್ಲದಿದ್ದಾಗಲೇ ಜನ ಬೇಗ ಕೆಲಸ ಮುಗಿಸಿದ್ದರು. ಕಾರಣ ಏನಿರಬಹುದೆಂದು ಸಂಶೋಧಕರು ಊಹಿಸಿದ್ದು ಇಲ್ಲಿ ಬಹಳ ಮುಖ್ಯ. ಆ ನಕ್ಷೆ ಹಂತ ಹಂತವಾಗಿ ಜೋಡಿಸಿದ್ದು. ಪ್ರತಿ ಎತ್ತರದಲ್ಲೂ ತಕ್ಕ ಗುರುತುಗಳು ಕಾಣುತ್ತಿದ್ದವು. ನಕ್ಷೆಯೇ ದಾರಿ ಹೇಳುತ್ತಿದ್ದಾಗ ಮೂಲೆಯ ನಕ್ಷೆಯನ್ನು ನೋಡುವ ಅಗತ್ಯ ಬೀಳಲಿಲ್ಲ.

ಜಾಗ ಕಡಿಮೆ ಇರುವ ಫೋನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿಲ್ಲ. ಹಂತಗಳನ್ನು ಸರಿಯಾಗಿ ಜೋಡಿಸಿದರೆ ಮೂಲೆಯ ನಕ್ಷೆಯ ಜಾಗವೂ ಉಳಿಯುತ್ತದೆ.

ಹಿಗ್ಗಿಸಲೇಬೇಡಿ ಎನ್ನುವವರು

ಪತ್ರಿಕೆಗಳ ಗ್ರಾಫಿಕ್ಸ್ ವಿಭಾಗದವರ ನಿಲುವು ಇನ್ನೊಂದು ತುದಿ. ನ್ಯೂಯಾರ್ಕ್ ಟೈಮ್ಸ್‌ನ ಆರ್ಚಿ ತ್ಸೆ 2016ರಲ್ಲಿ, ತಾವು ಸಂವಾದಾತ್ಮಕ ಚಿತ್ರಗಳನ್ನು ಏಕೆ ಕಡಿಮೆ ಮಾಡಿದ್ದೇವೆ ಎಂದು ವಿವರಿಸಿದ್ದರು. ಓದುಗರು ಸ್ಕ್ರೋಲ್ ಮಾಡುತ್ತಾರೆ, ಅದರಾಚೆ ಏನನ್ನೂ ಮಾಡುವುದು ಕಡಿಮೆ. ಅದಕ್ಕಿಂತ ಹೆಚ್ಚಿನದನ್ನು ಕೇಳುವುದಾದರೆ ತಕ್ಕಂಥ ದೊಡ್ಡ ಫಲ ಕೊಡಬೇಕು ಎಂಬುದು ಅವರ ಮಾತಿನ ಸಾರ. ಗುಂಡಿಯ ಹಿಂದೆ ಅಡಗಿಸಿಟ್ಟ ಮಾಹಿತಿಯನ್ನು ಯಾರೂ ನೋಡುವುದಿಲ್ಲ ಎಂದುಕೊಂಡೇ ಕೆಲಸ ಮಾಡಬೇಕು.

ಸುದ್ದಿಯ ಮಟ್ಟಿಗೆ ಇದು ಸರಿಯಾದ ಮಾತು. ಪತ್ರಕರ್ತರಿಗೆ ಹೇಳಲು ಒಂದು ವಿಷಯ ಇರುತ್ತದೆ, ಅದನ್ನು ಚಿತ್ರದಲ್ಲಿ ನೇರವಾಗಿ ಹೇಳಿದರಾಯಿತು. ಆದರೆ ವಾರ್ಡ್ ನಕ್ಷೆಗೆ 369 ವಾರ್ಡುಗಳ ಜನರಿಂದ ಬೇರೆ ಬೇರೆ ಪ್ರಶ್ನೆ ಬರುತ್ತದೆ. ಅಲ್ಲಿ ಹುಡುಕಾಟ ಅನಿವಾರ್ಯ. ‘ಹಿಗ್ಗಿಸಬೇಡಿ’ ಎನ್ನುವವರ ಮಾತನ್ನು ಹಾಗೆಯೇ ಒಪ್ಪಿದರೆ, ಕೊನೆಗೆ ಉಳಿಯುವುದು ಉದ್ದನೆಯ ಪಟ್ಟಿ. ಪಟ್ಟಿ ಕೆಟ್ಟದ್ದಲ್ಲ. ಆದರೆ ವಾರ್ಡಿನ ಹೊಸ ಹೆಸರು ಗೊತ್ತಿಲ್ಲದವರು ಪಟ್ಟಿಯಲ್ಲಿ ಏನನ್ನು ಹುಡುಕಬೇಕು?

ಜೂಮ್‌ನಿಂದ ಪರಿಹಾರವಾಗದ ತೊಡಕು

ಚುನಾವಣಾ ಫಲಿತಾಂಶದ ನಕ್ಷೆಯಲ್ಲಿ ತೊಡಕು ಇನ್ನೂ ಆಳದ್ದು. ಕರ್ನಾಟಕ ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿ.ಮೀ. ಫೋನಿನಲ್ಲಿ ಅದನ್ನು 115 ಮಿ.ಮೀ. ಎತ್ತರಕ್ಕೆ ಬರೆದರೆ ಒಂದು ಮಿ.ಮೀ. ಎಂದರೆ ಆರೂವರೆ ಕಿ.ಮೀ. ಸುಮಾರು 2,200 ಚದರ ಕಿ.ಮೀ. ವಿಸ್ತಾರದ ಬೆಂಗಳೂರು ನಗರ ಜಿಲ್ಲೆಗೆ ಸಿಗುವುದು ಏಳು ಮಿ.ಮೀ. ಚೌಕ. ಆ ಚೌಕದಲ್ಲಿ 28 ವಿಧಾನಸಭಾ ಕ್ಷೇತ್ರಗಳು! ಆಂಡ್ರಾಯ್ಡ್‌ನ ವಿನ್ಯಾಸ ಸೂಚಿಯ ಪ್ರಕಾರ ಬೆರಳಿಂದ ಒತ್ತುವ ಒಂದು ಗುಂಡಿಗೇ ಸುಮಾರು ಒಂಬತ್ತು ಮಿ.ಮೀ. ಬೇಕು. ರಾಜ್ಯದ 224 ಸ್ಥಾನಗಳಲ್ಲಿ ಎಂಟನೇ ಒಂದು ಭಾಗ ಒಂದು ಗುಂಡಿಗಿಂತ ಚಿಕ್ಕ ಜಾಗದಲ್ಲಿ ಕೂತಿದೆ.

ಹಿಗ್ಗಿಸಿದರೆ ಕ್ಷೇತ್ರಗಳು ಕಾಣುತ್ತವೆ ನಿಜ. ಆದರೆ ಮೊದಲ ನೋಟಕ್ಕೆ ಮನಸ್ಸಿನಲ್ಲಿ ಅಚ್ಚಾದ ಚಿತ್ರ ಹಾಗೆಯೇ ಉಳಿಯುತ್ತದೆ. ಹೆಚ್ಚು ನೆಲ ಯಾವ ಬಣ್ಣದ್ದೋ ಅವರೇ ಹೆಚ್ಚು ಗೆದ್ದರು ಎಂದು ಕಣ್ಣು ತೀರ್ಮಾನಿಸಿರುತ್ತದೆ. ನೆಲಕ್ಕೆ ಮತವಿಲ್ಲ, ಜನಕ್ಕೆ ಮತ. ಅಂತರವೂ ಬಣ್ಣದಲ್ಲಿ ಕಾಣುವುದಿಲ್ಲ: 2023ರಲ್ಲಿ ಜಯನಗರದ ಗೆಲುವಿನ ಅಂತರ ಬರೀ 16 ಮತ, ನಕ್ಷೆಯಲ್ಲಿ ಅದಕ್ಕೂ ಹಿಡಿದ ಬಣ್ಣ ಅಷ್ಟೇ ಗಾಢ.

ಇದಕ್ಕೆ ಪರಿಹಾರವೆಂದು ಪ್ರತಿ ಕ್ಷೇತ್ರಕ್ಕೂ ಒಂದೇ ಅಳತೆಯ ಷಟ್ಕೋನ ಕೊಡುವ ನಕ್ಷೆಗಳಿವೆ. ಮೇಲಿನ ಅಳತೆಯಲ್ಲೇ ಲೆಕ್ಕ ಹಾಕಿದರೆ ಒಂದೊಂದು ಕ್ಷೇತ್ರಕ್ಕೆ ನಾಲ್ಕೂವರೆ ಮಿ.ಮೀ. ಸಿಗುತ್ತದೆ, ಬೆಂಗಳೂರಿನ 28 ಸೇರಿ ಏಳು ಮಿ.ಮೀ. ಚೌಕ ಇಪ್ಪತ್ತನಾಲ್ಕು ಮಿ.ಮೀ. ಚೌಕವಾಗುತ್ತದೆ. ಸಂಖ್ಯೆಯ ಮಟ್ಟಿಗೆ ಇದು ನ್ಯಾಯವಾದ ಚಿತ್ರ. ಆದರೆ ಬೆಂಗಳೂರು ಉಬ್ಬಿದಷ್ಟೂ ಅಕ್ಕಪಕ್ಕದ ಜಿಲ್ಲೆಗಳು ಜಾಗ ಬಿಟ್ಟು ಸರಿಯಬೇಕು. ಶಾಲೆಯ ಗೋಡೆಯಿಂದ ಕಣ್ಣಿಗೆ ರೂಢಿಯಾದ ಕರ್ನಾಟಕದ ಆಕಾರ ಕೆಡುತ್ತದೆ, ತಮ್ಮ ಊರು ಎಲ್ಲಿ ಎಂದು ಓದುಗರು ತಡಕಾಡುತ್ತಾರೆ. ಎರಡನ್ನೂ ಒಂದರ ಕೆಳಗೆ ಒಂದು ಇಡುವುದು ಫೋನಿಗೆ ಒಗ್ಗುವ ದಾರಿ. ಸ್ಕ್ರೋಲ್ ಮಾಡಲು ಯಾರಿಗೂ ಕಷ್ಟವಿಲ್ಲ.

ಒತ್ತಕ್ಷರಕ್ಕೂ ಜಾಗ ಬೇಕು

ಇಂಗ್ಲಿಷ್‌ಗೆ ಹೊಂದುವಂತೆ ಮಾಡಿದ ನಕ್ಷೆಗೆ ಕನ್ನಡ ಹೆಸರು ತುಂಬಿದರೆ ಇನ್ನೊಂದು ಕಷ್ಟ. ಕನ್ನಡ ಅಕ್ಷರ ಗೆರೆಯ ಮೇಲೆ ನಿಂತು ಮುಗಿಯುವುದಿಲ್ಲ, ಕೆಳಗೆ ಒತ್ತು ಇಳಿಯುತ್ತದೆ. ‘ಜ್ಞಾನಭಾರತಿ’ಯ ಞ ಒತ್ತು, ‘ಲಕ್ಷ್ಮೀದೇವಿನಗರ’ದ ಮ ಒತ್ತು ಒಂದೆರಡು ಮಿ.ಮೀ. ಎತ್ತರದ ಅಕ್ಷರದಲ್ಲಿ ಬರೀ ಮಸಿಯ ಚುಕ್ಕೆಗಳಾಗುತ್ತವೆ. ಇಂಗ್ಲಿಷ್ ಹೆಸರು ಓದಬಹುದಾದ ಹಿಗ್ಗಿನಲ್ಲಿ ಕನ್ನಡದ ಹೆಸರು ಓದಲಾಗುವುದಿಲ್ಲ. ಹಾಗಾಗಿ ಕನ್ನಡ ನಕ್ಷೆಗೆ ಹಂತಗಳನ್ನು ಬೇರೆಯಾಗಿಯೇ ನಿಗದಿ ಮಾಡಬೇಕು: ಯಾವ ಎತ್ತರದಲ್ಲಿ ಹೆಸರು ಶುರುವಾಗಬೇಕು, ಎರಡು ಸಾಲಿಗೆ ಎಲ್ಲಿ ಮುರಿಯಬೇಕು, ಎಲ್ಲಿಯವರೆಗೆ ಬರೀ ಸಂಖ್ಯೆ ಸಾಕು ಎಂದು. ಕನ್ನಡ ಆವೃತ್ತಿ ಕೊಟ್ಟಿದ್ದೇವೆ ಎಂದು ಹೇಳಿ, ಓದಲಾಗದ ಕನ್ನಡವನ್ನು ಕೊಟ್ಟರೆ ಜನ ಇಂಗ್ಲಿಷ್‌ಗೆ ತಿರುಗಿಕೊಳ್ಳುವುದೇ ಫಲಿತಾಂಶ. ಆಮೇಲೆ ‘ಕನ್ನಡ ಆವೃತ್ತಿಯನ್ನು ಯಾರೂ ಬಳಸುತ್ತಿಲ್ಲ’ ಎಂಬ ಲೆಕ್ಕ ತೋರಿಸುವುದು ಅನ್ಯಾಯ.

ಒಂದೇ ಕೈ, ನಡುಗುವ ಬೆರಳು

ಎರಡು ಬೆರಳಲ್ಲಿ ಹಿಗ್ಗಿಸಲು ಎರಡು ಕೈ ಬೇಕು: ಒಂದು ಹಿಡಿಯಲು, ಒಂದು ಚಿವುಟಲು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೆ, ಕಂಕುಳಲ್ಲಿ ಮಗು ಇರುವವರಿಗೆ, ಬೆರಳು ನಡುಗುವ ಹಿರಿಯರಿಗೆ ಇದು ಆಗದ ಕೆಲಸ. ಪುಟದ ನಡುವೆ ನಕ್ಷೆ ಇದ್ದರೆ ಇನ್ನೊಂದು ಫಜೀತಿ: ಪುಟ ಸರಿಸಲು ಹೋದರೆ ನಕ್ಷೆ ಸರಿಯುತ್ತದೆ. ಅದನ್ನು ತಪ್ಪಿಸಲೆಂದೇ ‘ಎರಡು ಬೆರಳು ಬಳಸಿ’ ಎಂಬ ಸೂಚನೆ ಬಂದು ಅಡ್ಡ ನಿಲ್ಲುತ್ತದೆ.

ಅಂತರರಾಷ್ಟ್ರೀಯ ವೆಬ್ ಮಾನದಂಡವಾದ ಡಬ್ಲ್ಯುಸಿಎಜಿ 2018ರಲ್ಲೇ ಇದಕ್ಕೆ ನಿಯಮ ತಂದಿದೆ. ಎರಡು ಬೆರಳಿನಿಂದ ಆಗುವ ಕೆಲಸ ಒಂದು ಬೆರಳಿನಿಂದಲೂ ಆಗಬೇಕು. ನಕ್ಷೆಯ ಪಕ್ಕ ಕೂಡಿಸು-ಕಳೆ ಗುಂಡಿಗಳನ್ನು ಇಡುವುದು ಇದಕ್ಕೆ ಸುಲಭದ ದಾರಿ. ಭಾರತದ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಯೂ ಇದೇ ಮಾನದಂಡವನ್ನು ಆಧರಿಸಿದೆ. ಆ ಎರಡು ಗುಂಡಿಗಳನ್ನು ಸೇರಿಸಲು ಬೇಕಾಗುವುದು ಒಂದು ದಿನದ ಕೆಲಸವೂ ಅಲ್ಲ.

ಚಕ್ಕುಬಂದಿಯ ದಾರಿ

ಹಾಗಾದರೆ ವಾರ್ಡ್ ನಕ್ಷೆ ಫೋನಿನಲ್ಲಿ ಹೇಗಿರಬೇಕು? ಒಂದು ಸುಳಿವು ನಮ್ಮ ಕಂದಾಯ ಇಲಾಖೆಯ ಕ್ರಮದಲ್ಲೇ ಇದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ. ಅರ್ಥಾನುಸಾರಿ ಜೂಮ್‌ಗೆ ಇದಕ್ಕಿಂತ ಅಚ್ಚುಕಟ್ಟಾದ ಮೆಟ್ಟಿಲು ಸಿಗುವುದು ಅಪರೂಪ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಆ್ಯಪ್ ಇದನ್ನು ಬಳಸಿಕೊಂಡಿದೆ. ಹೊಲದಲ್ಲಿ ನಿಂತು ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ. ರೈತ ಇಡೀ ರಾಜ್ಯದ ನಕ್ಷೆಯಿಂದ ಇಳಿದು ಬರಬೇಕಿಲ್ಲ. ತನ್ನ ಬದುವಿನಿಂದಲೇ ಶುರುಮಾಡಬಹುದು.

ಶ್ನೈಡರ್‌ಮನ್ ಮಂತ್ರ ಇಲ್ಲಿ ತಲೆಕೆಳಗಾಗಿದೆ ಎಂಬುದನ್ನು ಗಮನಿಸಿ. 2009ರಲ್ಲಿ ಫ್ರಾಂಕ್ ವಾನ್ ಹ್ಯಾಮ್ ಮತ್ತು ಆಡಮ್ ಪೆರೆರ್, ದೊಡ್ಡ ಜಾಲಗಳಂಥ ದತ್ತಾಂಶಕ್ಕೆ ಈ ತಲೆಕೆಳಗಾದ ಕ್ರಮವನ್ನೇ ಸೂಚಿಸಿದರು: ಮೊದಲು ಹುಡುಕು, ಅದರ ಸುತ್ತಲಿನದನ್ನು ತೋರಿಸು, ಬೇಕೆಂದಾಗ ವಿಸ್ತರಿಸು.

ನಮ್ಮ ಕ್ರಯಪತ್ರ ಬರೆಯುವವರಿಗೆ ಇದು ಹೊಸತಲ್ಲ. ಸೈಟಿನ ವಿವರ ಬರೆದು, ಅದರ ಕೆಳಗೆ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂತಹ ನಂಬರಿನ ಸೈಟು, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಓಣಿ. ಇಡೀ ಬಡಾವಣೆಯ ನಕ್ಷೆ ಇಲ್ಲದೆಯೇ ಜಾಗ ಎಲ್ಲಿದೆ ಎಂದು ಖಚಿತವಾಗಿ ಗೊತ್ತಾಗುತ್ತದೆ. ಸಣ್ಣ ಪರದೆಗೆ ಬೇಕಾದದ್ದು ಇದೇ. ಮೊದಲು ನಿಮ್ಮ ಜಾಗ, ಆಮೇಲೆ ಅದರ ಚಕ್ಕುಬಂದಿ, ಆಮೇಲೆ ಊರು.

ಇದನ್ನು ಮಾಡದಿದ್ದರೆ

ಕ್ಷೇತ್ರ ವಿಂಗಡಣೆಯ ಕರಡು ಹೊರಬಿದ್ದ ಮೇಲೆ ಆಕ್ಷೇಪಣೆ ಸಲ್ಲಿಸಲು ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ತಮ್ಮ ಬೀದಿ ಎತ್ತ ಹೋಯಿತು ಎಂದು ಗೊತ್ತಾದವರು ಮಾತ್ರ ಆಕ್ಷೇಪಿಸಬಲ್ಲರು. ದೊಡ್ಡ ಪರದೆ, ಪ್ರಿಂಟರ್, ನಕ್ಷೆ ಓದಿ ರೂಢಿ ಇರುವವರಿಗೆ ಅದು ಮೊದಲ ದಿನವೇ ತಿಳಿಯುತ್ತದೆ: ಪಕ್ಷಗಳ ಕಚೇರಿ, ಸಂಘಟಿತ ಬಡಾವಣೆಗಳ ಸಂಘ. ಫೋನು ಮಾತ್ರ ಇರುವವರಿಗೆ ತಿಳಿಯುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಬಿಬಿಎಂಪಿಯ ಕೊನೆಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ದೂರು ಹೇಳಿಕೊಳ್ಳಲು ಕಾರ್ಪೊರೇಟರ್ ಇಲ್ಲದ ಕಾಲದಲ್ಲಿ ಗಡಿ ಬರೆದದ್ದರಿಂದ, ನಕ್ಷೆಯೊಂದೇ ಜನಕ್ಕೂ ಆಡಳಿತಕ್ಕೂ ನಡುವಿನ ಕಿಟಕಿಯಾಗಿತ್ತು.

ಬೇಕಾದ ಸಾಮಗ್ರಿ ಈಗಾಗಲೇ ಕೈಯಲ್ಲಿದೆ. ವಾರ್ಡ್ ಅಧಿಸೂಚನೆಗಳಲ್ಲಿ ಗಡಿಯನ್ನು ನಾಲ್ಕು ದಿಕ್ಕಿನಿಂದ ಮಾತಿನಲ್ಲೇ ವಿವರಿಸುವುದು ರೂಢಿ: ಇಂಥ ಮುಖ್ಯ ರಸ್ತೆಯಿಂದ ಇಂಥ ಅಡ್ಡ ರಸ್ತೆಯವರೆಗೆ, ಅಲ್ಲಿಂದ ರಾಜಕಾಲುವೆಯ ಗುಂಟ ರೈಲು ಹಳಿಯವರೆಗೆ. ಗೆರೆ ನಕ್ಷೆಯಲ್ಲಿದೆ, ಮಾತು ಪಿಡಿಎಫ್‌ನಲ್ಲಿದೆ, ಎರಡಕ್ಕೂ ಸಂಪರ್ಕವಿಲ್ಲ. ಫೋನಿನಲ್ಲಿ ಪುಟ ತೆರೆದ ಕೂಡಲೇ ನಿಂತ ಜಾಗದ ವಾರ್ಡಿನ ಹೆಸರು, ಸಂಖ್ಯೆ ದೊಡ್ಡ ಅಕ್ಷರದಲ್ಲಿ ಬರಲಿ. ಅದರ ಕೆಳಗೆ ಆ ವಾರ್ಡ್ ಮತ್ತು ಸುತ್ತಲಿನವು ಮಾತ್ರ ಇರುವ ನಕ್ಷೆ, ಹಳೆಯ ಗಡಿ ಚುಕ್ಕೆ ಗೆರೆಯಲ್ಲಿ. ಅದರ ಕೆಳಗೆ ನಾಲ್ಕು ಸಾಲು ಚಕ್ಕುಬಂದಿ. ಉತ್ತರದ ಸಾಲನ್ನು ಮುಟ್ಟಿದರೆ ನಕ್ಷೆಯಲ್ಲಿ ಉತ್ತರದ ಗೆರೆ ಹೊಳೆಯಬೇಕು.